ಹೆಸರಿಗೆ ಮಾತ್ರ ಬಿಚ್ಚುವ ಚಪ್ಪಲಿ

ಶೆಲೊಮಿತಳಿಗೆ ಹೊಗಳಿಕೆ ಅಂದರೆ ಪ್ರಾಣ. ಯೆಹೂದದ ಆ ಗುಡ್ಡದೂರಿನಲ್ಲಿ ಇದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಅದೇನು ದೊಡ್ಡ ತಪ್ಪಲ್ಲ ಬಿಡಿ, ಯಾರಿಗೆ ಬೇಡ ಹೊಗಳಿಕೆ! ಗಂಡುಮಕ್ಕಳಿಲ್ಲದ ಅಪ್ಪನಿಂದ ಆಲಿವ್ ತೋಟ ಅವಳಿಗೆ ಬಂದಿತ್ತು. ಗಂಡ ತೀರಿಹೋದ ಮೇಲೆ ಅವಳೂ ಮಗಳು ಅಬೀತಲಳೂ ಅದನ್ನೇ ನಂಬಿ ಬದುಕುತ್ತಿದ್ದರು. ಅದು ಕೈಬಿಟ್ಟರೆ ಮಗಳು ಕಂಡವರ ಹೊಲದಲ್ಲಿ ಉದುರಿದ ತೆನೆ ಆಯಬೇಕಾಗಿತ್ತು.

ಆ ವರ್ಷ ಬಾರ್ಲಿ ಸುಗ್ಗಿ ಮುಗಿದದ್ದೇ ತಡ, ಚಿಕ್ಕಪ್ಪನ ಮಗ ಎಲ್ಯಾಸಾಫ್ ದಿನಾ ಸಂಜೆ ಬಂದು ಕೂರತೊಡಗಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಆಸಾಮಿ.

"ಅಕ್ಕಾ, ನಿನ್ನಂಥ ಜಾಣೆ ಈ ಊರಲ್ಲೇ ಇಲ್ಲ. ಆದ್ರೂ ಒಂಟಿ ಹೆಂಗಸು ಅಂತ ಎಲ್ರೂ ನಿನ್ ತೋಟದ ಮೇಲೆ ಕಣ್ಣು ಹಾಕಿದಾರೆ. ಊರಬಾಗಿಲಲ್ಲಿ ಹಿರಿಯರೆದುರು ಚಪ್ಪಲಿ ಬಿಚ್ಚಿ ನನ್ ಕೈಗೆ ಕೊಟ್ಬಿಡು. ತೋಟ ಹೆಸರಿಗೆ ಮಾತ್ರ ನಂದು. ಕಾಯಿ, ಎಣ್ಣೆ ಎಲ್ಲಾ ನಿಂದೇ. ನಾನೇನು ಹೊರಗಿನವನಾ?"

ನೆಲ ಬಿಟ್ಟುಕೊಡುವವರು ಹಿರಿಯರೆದುರು ಚಪ್ಪಲಿ ಬಿಚ್ಚಿ ಕೊಟ್ಟರೆ ಮುಗಿಯಿತು, ಮತ್ತೆ ಕೇಳುವಂತಿಲ್ಲ. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ದನಿ ಕೇಳುತ್ತ ಕೇಳುತ್ತ "ಆಗ್ಲಿ ಕಣೋ" ಅಂದುಬಿಟ್ಟಳು.

ಅವನು ಹೋದ ಮೇಲೆ ಅಬೀತಲ್ ಬೀಸುವ ಕಲ್ಲು ನಿಲ್ಲಿಸಿದಳು. "ಅಮ್ಮಾ, ಬರೀ ಹೆಸರಿಗಾದ್ರೆ ಅವನಿಗ್ಯಾಕೆ ಅಷ್ಟು ಅವಸರ?"

ಶೆಲೊಮಿತಳಿಗೆ ಸಿಟ್ಟು ಬಂತು. ಮಗಳ ಮಾತು ಸರಿ ಅನ್ನಿಸಿದ್ದಕ್ಕೇ ಬಂತು.

ಮರುದಿನ ಊರಬಾಗಿಲಲ್ಲಿ ಎಲ್ಯಾಸಾಫ್ ಅದನ್ನೇ ಇನ್ನಷ್ಟು ಚೆಂದ ಮಾಡಿ ಹೇಳಿದ. ಹಿರಿಯರು ತಲೆದೂಗಿದರು. ಅವರಲ್ಲೊಬ್ಬ, ಮುದುಕ ಹನೋಕ, ಕಣ್ಣೇ ಒರೆಸಿಕೊಂಡ. ಶೆಲೊಮಿತ್ ಬಗ್ಗಿ ಚಪ್ಪಲಿಯ ಬಾರಿಗೆ ಕೈಹಾಕಿದವಳು ಹಾಗೇ ತಲೆಯೆತ್ತಿದಳು.

"ತಮ್ಮಾ, ಹೆಸರಿಗೆ ಮಾತ್ರ ಅಂದ್ಯಲ್ಲ? ಹಂಗಾದ್ರೆ ನೀನೂ ಬಿಚ್ಚು. ನಿನ್ ದ್ರಾಕ್ಷಿ ತೋಟ ನನ್ ಹೆಸರಿಗಿರ್ಲಿ. ಹಣ್ಣೆಲ್ಲಾ ನೀನೇ ತಿನ್ನು. ನಾನೇನು ಹೊರಗಿನವಳಾ?"

ಎಲ್ಯಾಸಾಫನ ಕಾಲು ಮೆಲ್ಲಗೆ ನಿಲುವಂಗಿಯೊಳಗೆ ಸರಿಯಿತು.

"ಅಗೋ, ಕಾಲೇ ಉತ್ತರ ಕೊಡ್ತಲ್ಲ!" ಅಂದ ಹನೋಕ. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ತೋಟ ಉಳಿಯಿತು. ಎಲ್ಯಾಸಾಫ್ ಮತ್ತೆ ಆ ಮನೆಯ ಕಡೆ ಸುಳಿಯಲಿಲ್ಲ. ಸಂಜೆ ಅಬೀತಲ್ ಖುಷಿಯಿಂದ ರೊಟ್ಟಿ, ಬೇಳೆ ಮುಂದಿಟ್ಟರೆ ಅಮ್ಮ ತುತ್ತೆತ್ತದೆ ಬಾಗಿಲ ಕಡೆ ನೋಡುತ್ತಿದ್ದಳು.

"ಯಾಕಮ್ಮಾ ಅಳ್ತೀಯಾ? ಅವನು ಶುದ್ಧ ಸುಳ್ಳ."

"ಗೊತ್ತು ಕಣೇ," ಅಂದಳು ಶೆಲೊಮಿತ್. "ಸುಳ್ಳನಾದ್ರೂ ಅವನೊಬ್ಬನೇ ಬರ್ತಿದ್ದದ್ದು."