ಇಸ್ತ್ರಿ ಅಕ್ಕ ಕಲಿತ ರೇಕಿ

ಇಸ್ತ್ರಿ ಅಕ್ಕನ ಮುತ್ತಜ್ಜಿ ಸೂಲಗಿತ್ತಿ. ಮುರಿದ ಸೇತುವೆಯಲ್ಲಿ ಉಳಿದಿದ್ದ ಒಂದೇ ಒಂದು ಕಬ್ಬಿಣದ ಪಟ್ಟಿಯ ಮೇಲೆ, ಚೀಲದ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುಂಬಿದ ಹೊಳೆ ದಾಟಿ ಹೋಗಿ ಅವಳಿ ಮಕ್ಕಳ ಹೆರಿಗೆ ಮಾಡಿಸಿದವಳು. ಅವಳ ಮಗ, ಅಂದರೆ ಅಕ್ಕನ ಅಜ್ಜ, ಮೂಳೆ ಕಟ್ಟುತ್ತಿದ್ದವನು. ಕುಸಿದ ಗೋದಾಮಿನಿಂದ ಎಳೆದು ತಂದ ಹನ್ನೊಂದು ಹಮಾಲರ ಕೈಕಾಲುಗಳನ್ನು ಒಂದೇ ಹಗಲಿನಲ್ಲಿ ಕಟ್ಟಿ, ಸಂಜೆ ತನ್ನ ಬೆರಳೇ ಮಡಚಲಾಗದೆ ಹೆಂಡತಿಯ ಕೈತುತ್ತು ತಿಂದವನು. ಅಕ್ಕನ ಅಪ್ಪ ಮಾತ್ರ ಆ ದಾರಿ ಹಿಡಿಯಲಿಲ್ಲ. "ನರಳೋರ ಸಹವಾಸ ಸಾಕಪ್ಪ, ಬಟ್ಟೆ ಆದ್ರೆ ನರಳಲ್ಲ" ಎಂದು ದೊಡ್ಡ ಹೋಟೆಲೊಂದರ ಲಾಂಡ್ರಿ ಸೇರಿದ. ಆ ಲಾಂಡ್ರಿಗೆ ಬೆಂಕಿ ಬಿದ್ದ ದಿನ ಒದ್ದೆ ಹೊದಿಕೆಗಳನ್ನು ಹೊದಿಸಿ ಆರು ಜನರನ್ನು ಹೊರಗೆ ಎಳೆದು ತಂದ. ಹುಬ್ಬು ಸುಟ್ಟುಹೋಗಿತ್ತು, ಮತ್ತೆ ಬೆಳೆಯಲಿಲ್ಲ. ಅದಾದ ಮೇಲೆ ಯಾರ ಕೈಕೆಳಗೂ ದುಡಿಯುವುದಿಲ್ಲವೆಂದು ಸ್ವಂತ ಅಂಗಡಿ ಇಟ್ಟ.

ಇಂಥ ಕೈಗಳ ಮನೆತನದಲ್ಲಿ ಹುಟ್ಟಿದವಳು ಇಸ್ತ್ರಿ ಅಕ್ಕ. ಅಪ್ಪನ ಅಂಗಡಿಯನ್ನೇ ಮುಂದುವರಿಸಿದಳು. ಹತ್ತು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲದ ಕೋಣೆ. ಮಧ್ಯದಲ್ಲಿ ಸೊಂಟದೆತ್ತರದ ಮೇಜು. ಮೇಜಿನ ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಬಟ್ಟೆ. ಗೋಡೆಯ ಉದ್ದಕ್ಕೂ ಗಂಟುಗಳು, ಪ್ರತಿ ಗಂಟಿಗೂ ಬಣ್ಣದ ದಾರದ ಗುರುತು. ಅವಳಿಗೆ ಬಟ್ಟೆಯೆಂದರೆ ತೆರೆದ ಪತ್ರ. ಯಾರ ಅಂಗಿಯ ಕಾಲರು ಸವೆದಿದೆ, ಯಾರ ಜೇಬಿನಲ್ಲಿ ತಂಬಾಕಿನ ಪುಡಿ ಇದೆ, ಯಾರು ಸೊರಗುತ್ತಿದ್ದಾರೆ, ಯಾರು ಊದುತ್ತಿದ್ದಾರೆ, ಎಲ್ಲ ಬೆರಳಿಗೆ ಗೊತ್ತು. ಬಾಯಿ ಮಾತ್ರ ಬೀಗ ಜಡಿದ ಪೆಟ್ಟಿಗೆ.

ನಲವತ್ತಾರು ತುಂಬಿದ ವರ್ಷ ಅವಳ ಬಲ ಮೊಣಕೈ ಮುಷ್ಕರ ಹೂಡಿತು. ಮಾತ್ರೆ ನುಂಗಿದಳು, ಮುಲಾಮು ತಿಕ್ಕಿದಳು. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಅದೇ ರಾಗ. ಪರದೆ ಬಟ್ಟೆ ತಂದುಕೊಡುತ್ತಿದ್ದ ನಿವೃತ್ತ ಟೀಚರ್ ಒಬ್ಬರು ಇದನ್ನು ಕಂಡು, "ಕೂತ್ಕೊ ಇಲ್ಲಿ" ಎಂದು ಸ್ಟೂಲಿನ ಮೇಲೆ ಕೂರಿಸಿ, ಮೊಣಕೈಯ ಮೇಲೆ ಎರಡೂ ಅಂಗೈ ಇಟ್ಟು ಸುಮ್ಮನಾದರು. ಒತ್ತಲಿಲ್ಲ, ತಿಕ್ಕಲಿಲ್ಲ.

"ಏನ್ ಮಾಡ್ತಿದೀರ ಟೀಚರೇ?"

"ರೇಕಿ."

"ಬರೀ ಕೈ ಇಟ್ರೆ ಆಗುತ್ತಾ? ಪ್ಲಗ್ ಹಾಕದೇ ಇಸ್ತ್ರಿಪೆಟ್ಟಿಗೇನ ಬಟ್ಟೆ ಮೇಲೆ ಇಟ್ಟ ಹಾಗಾಯ್ತು!"

"ಆ ಪ್ಲಗ್ ಎಲ್ಲಿದೆ ಅಂತಾನೇ ಕಲಿಸೋದು ಕಣೆ. ಈಗ ಬಾಯಿ ಮುಚ್ಚು."

ಅಕ್ಕ ಬಾಯಿ ಮುಚ್ಚಿದಳು. ಐದು ನಿಮಿಷಕ್ಕೆ ಕಣ್ಣೂ ಮುಚ್ಚಿತು. ಎಷ್ಟೋ ವರ್ಷಗಳಿಂದ ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚದವಳು ಗೊರಕೆ ಹೊಡೆದಳು. ಎದ್ದಾಗ ಮೊಣಕೈ ನೋವು ಹೋಗಿರಲಿಲ್ಲ. ಆದರೆ ನೋವಿನ ಮೇಲಿದ್ದ ಸಿಟ್ಟು ಹೋಗಿತ್ತು. ಅದೇ ಅವಳಿಗೆ ಸೋಜಿಗ.

ವಾರಕ್ಕೆರಡು ಸಂಜೆ ಟೀಚರ ಮನೆಗೆ ಹೋಗತೊಡಗಿದಳು. ಕಲಿಯುವ ಮೊದಲು ವಂಶಾವಳಿ ಕೇಳುವುದು ಅವಳ ಸ್ವಭಾವ. "ಇದರ ಅಪ್ಪ ಅಮ್ಮ ಯಾರು, ಮೊದಲು ಅದು ಹೇಳಿ" ಎಂದಳು.

ಟೀಚರು ಹೇಳಿದರು. ಸುಮಾರು ನೂರು ವರ್ಷದ ಹಿಂದೆ ಜಪಾನಿನಲ್ಲಿ ಒಬ್ಬಾತನಿದ್ದ. ಹತ್ತಾರು ಉದ್ಯೋಗ ಹಿಡಿದು ಬಿಟ್ಟು, ಯಾವುದರಲ್ಲೂ ನೆಲೆ ನಿಲ್ಲದೆ, ಕೊನೆಗೆ ಒಂದು ಬೆಟ್ಟ ಹತ್ತಿ ಇಪ್ಪತ್ತೊಂದು ದಿನ ಉಪವಾಸ ಕೂತ. ಕಡೆಯ ದಿನ ಅವನಿಗೆ ಏನೋ ದಕ್ಕಿತು. ಇಳಿದು ಬರುವಾಗ ಕಾಲ್ಬೆರಳು ಕಲ್ಲಿಗೆ ಬಡಿದು, ತಟ್ಟನೆ ಕೈಯಿಟ್ಟಾಗ ನೋವು ನಿಂತಿತಂತೆ.

"ಅದು ನಿಜಾನಾ?"

"ಕಥೆಗೆ ಕೈಕಾಲು ಬೆಳೆದಿರಬಹುದು. ನಾನೇನು ಬೆಟ್ಟದ ಮೇಲೆ ಕೂತು ನೋಡ್ಲಿಲ್ಲ. ನೀನಾಗಿದ್ರೆ ಇಪ್ಪತ್ತೊಂದು ದಿನ ಉಪವಾಸ ಕೂರ್ತಿದ್ಯಾ?"

"ನಾನು ಸಂಜೆ ಟೀ ತಪ್ಪಿದ್ರೇನೇ ಗ್ರಾಹಕರ ಮೇಲೆ ಹರಿಹಾಯ್ತೀನಿ. ಮುಂದಕ್ಕೆ ಹೇಳಿ."

ಆ ಗುರುವಿನ ಶಿಷ್ಯರಲ್ಲಿ ನೌಕಾಪಡೆಯಿಂದ ನಿವೃತ್ತನಾದವನೊಬ್ಬನಿದ್ದ. ಅವನು ದವಾಖಾನೆಯಂಥದೊಂದನ್ನು ತೆರೆದು, ತಲೆ, ಭುಜ, ಹೊಟ್ಟೆ, ಬೆನ್ನು ಎಂದು ಕೈಯಿಡುವ ಜಾಗಗಳನ್ನು ಕ್ರಮಕ್ಕೆ ತಂದ. ಹವಾಯಿ ದ್ವೀಪದಿಂದ ಕಾಯಿಲೆ ಹೊತ್ತು ಬಂದ ವಿಧವೆಯೊಬ್ಬಳು ಅಲ್ಲಿ ಚೇತರಿಸಿಕೊಂಡು, ಹಟ ಹಿಡಿದು ಕಲಿತು, ಸಮುದ್ರದಾಚೆಗೆ ಒಯ್ದಳು. ಅವಳು ಕಲಿಸಿದವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. 'ರೇ' ಎಂದರೆ ಕಣ್ಣಿಗೆ ಕಾಣದೆ ಎಲ್ಲೆಡೆ ಇರುವ ಚೈತನ್ಯ. 'ಕಿ' ಎಂದರೆ ನಾವು ಪ್ರಾಣ ಎನ್ನುವುದು. ಕೈಯಿಡುವವರು ಏನನ್ನೂ ಕೊಡುವುದಿಲ್ಲ, ನಲ್ಲಿಯ ಹಾಗೆ ಹರಿಯಲು ದಾರಿಯಾಗುತ್ತಾರೆ ಅಷ್ಟೆ ಎಂಬುದು ಅವರ ನಂಬಿಕೆ. ಇವತ್ತೊಂದು ದಿನ ಸಿಟ್ಟಾಗದಿರು, ಚಿಂತೆ ಮಾಡದಿರು, ಮನಸ್ಸಿಟ್ಟು ದುಡಿ ಎಂಬಂಥ ಐದು ಕಟ್ಟಲೆಗಳು. ಅಂಥ ಶಕ್ತಿಯೊಂದು ಇದೆಯೆಂದು ಯಾವ ಪರೀಕ್ಷೆಯಲ್ಲೂ ತೋರಿಸಲಾಗಿಲ್ಲವೆಂದೂ ಟೀಚರು ಮುಚ್ಚಿಡದೆ ಹೇಳಿದರು. ನೆಮ್ಮದಿ ಸಿಗುತ್ತದೆ, ನಿದ್ದೆ ಬರುತ್ತದೆ. ಔಷಧಿಯ ಜಾಗದಲ್ಲಿ ಇದನ್ನು ಕೂರಿಸಬಾರದು.

ಟೀಚರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು ದೀಕ್ಷೆ ಕೊಟ್ಟರು. ಜೊತೆಗೆ ಕಲಿಯುತ್ತಿದ್ದ ನಾಲ್ವರು ಒಬ್ಬರ ಮೇಲೊಬ್ಬರು ಕೈಯಿಟ್ಟು ಅಭ್ಯಾಸ ಮಾಡುವಾಗ ಅಕ್ಕನ ಸರದಿ ಬಂದರೆ ಸಾಕು, "ಅಬ್ಬಾ, ಎಂಥ ಬಿಸಿ! ಒಲೆ ಇದ್ದಂಗಿದೆ! ಇದು ದೊಡ್ಡ ಶಕ್ತಿ ಕಣ್ರೀ" ಎನ್ನುತ್ತಿದ್ದರು. ಅಕ್ಕ ಒಳಗೊಳಗೇ ಉಬ್ಬಿದಳು. ಮುತ್ತಜ್ಜಿಯ ಕೈಗುಣ ಕೊನೆಗೂ ತನಗೆ ಇಳಿದು ಬಂತೆಂದು ಎರಡು ತಿಂಗಳು ನೆಲದ ಮೇಲೆ ಕಾಲೂರದೆ ಓಡಾಡಿದಳು.

ಒಮ್ಮೆ ಬೀದಿಯ ಕರೆಂಟು ಕೆಟ್ಟಿತು. ಮೂರು ದಿನ ಇಸ್ತ್ರಿ ಇಲ್ಲ. ಮೂರನೆಯ ಸಂಜೆ ಅವಳು ಕೈಯಿಟ್ಟಾಗ ಸಹಪಾಠಿಯೊಬ್ಬಳು, "ಇವತ್ತೇನು, ಮೀನಿನ ಥರ ತಣ್ಣಗಿದೆ?" ಎಂದುಬಿಟ್ಟಳು. ಅಕ್ಕನಿಗೆ ತಲೆಯೊಳಗೆ ದೀಪ ಹತ್ತಿತು. ಎಂಟು ಗಂಟೆ ಕಾದ ಕಬ್ಬಿಣ ಹಿಡಿದ ಕೈ ಬಿಸಿಯಾಗದೆ ಇನ್ನೇನಾದೀತು! ಬೇರೆಯವರಾಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದರು. ಅವಳು ಅಲ್ಲೇ ಎದ್ದು ನಿಂತು, "ಅದು ರೇಕಿ ಅಲ್ರೀ, ಇಸ್ತ್ರಿಪೆಟ್ಟಿಗೆ ಬಿಸಿ. ಇಷ್ಟು ದಿನ ಮೋಸ ಹೋದ್ರಿ, ನಾನೂ ಹೋದೆ" ಎಂದಳು. ಟೀಚರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಅವಳದೇ ಒಂದು ಕಟ್ಟಲೆ: ಇಸ್ತ್ರಿ ಆರಿಸಿ, ಕೈಯನ್ನು ತಣ್ಣೀರಿನಲ್ಲಿ ತೊಳೆದು, ಅರ್ಧ ಗಂಟೆ ಸುಮ್ಮನೆ ಕೂತು, ಕೈ ಎಲ್ಲರ ಕೈಯಂತಾದ ಮೇಲೆಯೇ ಮತ್ತೊಬ್ಬರ ಮೇಲೆ ಇಡುವುದು.

ಆ ತಣ್ಣನೆಯ ಕೈಗೂ ಜನ ಬಂದರು. ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ. ಪಾಳಿ ಮುಗಿಸಿ ನಿದ್ದೆಗೆಟ್ಟ ಲಾರಿ ಚಾಲಕ, ಗಂಡ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಹೂವಿನಂಗಡಿಯವಳು. "ಮುಟ್ಲಾ?" ಎಂದು ಕೇಳದೆ ಅವಳು ಯಾರನ್ನೂ ಮುಟ್ಟಲಿಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ.

ಒಡಹುಟ್ಟಿದ ತಂಗಿಯೂ ಬರುತ್ತಿದ್ದಳು. ಎರಡು ಬೀದಿ ಆಚೆ ಮನೆ. ಗಂಡನದು ಕನ್ನಡಕದ ಅಂಗಡಿ. ತಂಗಿಗೆ ಆಸ್ಪತ್ರೆಯ ಹೆಸರೆತ್ತಿದರೆ ಮುಖ ಬಿಳಚಿಕೊಳ್ಳುತ್ತಿತ್ತು. ಅಮ್ಮ ಆಸ್ಪತ್ರೆಗೆ ನಡೆದುಕೊಂಡು ಹೋದವಳು ನಡೆದು ಬಂದಿರಲಿಲ್ಲ. ಒಂದು ಸಂಜೆ ಬೆನ್ನುನೋವೆಂದು ಬಂದು ಮಲಗಿದ ತಂಗಿ, ಏಳುವಾಗ ಸುಮ್ಮನೆ ಕೇಳಿದ ಹಾಗೆ ಕೇಳಿದಳು:

"ಅಕ್ಕ, ಕೈಯಿಟ್ಟಾಗ ಒಳಗಿನ ತೊಂದರೆ ಗೊತ್ತಾಗುತ್ತೆ ಅಂತಾರಲ್ಲ. ನನ್ನ ಮೈಯಲ್ಲಿ ಎಲ್ಲಾದ್ರೂ ಏನಾದ್ರೂ ಇದೆಯಾ?"

ಅಂದು ಎಪ್ಪತ್ತು ಅಂಗಿ ತಿಕ್ಕಿ ದಣಿದಿದ್ದ ಅಕ್ಕ ಯೋಚಿಸಲೂ ಇಲ್ಲ. "ನಿಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀಯ. ಏನೂ ಇಲ್ಲ, ಹೋಗು."

ತಂಗಿ ನಗುತ್ತಾ ಹೋದಳು. ನಾಲ್ಕು ತಿಂಗಳು ಕಳೆಯಿತು.

ಒಂದು ಬೆಳಗ್ಗೆ ತಂಗಿಯ ಮನೆಯ ಗಂಟು ಬಿಚ್ಚಿ, ತಂಗಿಯದೇ ನೀಲಿ ಹೂವಿನ ಅಂಗಿಯೊಂದನ್ನು ಅಕ್ಕ ಮೇಜಿನ ಮೇಲೆ ಹರವಿದಳು. ಎಡಗಡೆ ಎದೆಯ ಹತ್ತಿರ ಇಸ್ತ್ರಿ ಒಂದಿಷ್ಟು ತಡೆಯಿತು. ಒಳಮಗ್ಗುಲು ತಿರುವಿ ನೋಡಿದರೆ ಕೈಹೊಲಿಗೆಯಲ್ಲಿ ಸೇರಿಸಿದ ಎರಡು ಮಡಿಕೆಯ ತುಂಡು ಬಟ್ಟೆ. ತುಂಡಿನ ಮೇಲೆ, ಒಗೆದರೂ ಹೋಗದ ಕಂದು ಕಲೆ. ಅವಳ ಉಳಿದ ಮೂರು ಅಂಗಿಗಳನ್ನೂ ತಿರುವಿದಳು. ಮೂರರಲ್ಲೂ ಅದೇ ತುಂಡು, ಅದೇ ಜಾಗ. ಇಸ್ತ್ರಿಯ ಪ್ಲಗ್ ಕಿತ್ತು, ಬಾಗಿಲೆಳೆದುಕೊಂಡು, ಕೆಲಸದ ದಿನ ನಟ್ಟನಡುವೆ ತಂಗಿಯ ಮನೆಗೆ ಹೋದಳು.

ತಂಗಿ ಒಬ್ಬಳೇ ಇದ್ದಳು. ಅಕ್ಕ ಅಂಗಿಯನ್ನು ತೋರಿಸಿದಳು. "ಏನೇ ಇದು?"

ತಂಗಿ ಮುಖ ತಿರುಗಿಸಿದಳು. "ಎದೇಲಿ ಒಂದು ಗಂಟು. ಸಣ್ಣದು. ಒಂದಿಷ್ಟು ಒಸರುತ್ತೆ, ನೋವಿಲ್ಲ."

"ಎಷ್ಟು ದಿನದಿಂದ?"

"ಅವತ್ತು ನಿನ್ನ ಕೇಳಿದ್ನಲ್ಲ, ಅದಕ್ಕೂ ಮೊದಲಿಂದ."

"ಅಯ್ಯೋ, ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?"

"ನೀನೇ ಹೇಳಿದ್ಯಲ್ಲಕ್ಕ, ಏನೂ ಇಲ್ಲ ಅಂತ! ನಿನ್ನ ಕೈಗೇ ಏನೂ ತಗುಲದ ಮೇಲೆ ಆ ಮಿಷನ್ನು ಏನು ಹೇಳುತ್ತೆ?"

ಅಕ್ಕನ ದಣಿದ ಬಾಯಿಂದ ಉದುರಿದ ಒಂದು ಮಾತನ್ನು ತಂಗಿ ಪರೀಕ್ಷೆಯ ವರದಿಯ ಹಾಗೆ ಎದೆಗೆ ಅವಚಿಕೊಂಡಿದ್ದಳು. ಒಂದು ಲೋಟ ನೀರು ಕುಡಿದು, ಅಕ್ಕ ಹೇಳಿದಳು: "ಅವತ್ತು ನನ್ನ ಕೈಗೆ ಏನೂ ಗೊತ್ತಾಗಿರ್ಲಿಲ್ಲ. ಗೊತ್ತಾಗೋದೂ ಇಲ್ಲ. ಗೊತ್ತಿದೆ ಅನ್ನೋ ಜಂಭದಲ್ಲಿ ಬೊಗಳಿದೆ. ತಪ್ಪು ನಂದು. ಏಳು, ಈಗಲೇ ಹೋಗೋಣ."

"ಮೊದಲು ಒಂದು ತಿಂಗಳು ನೀನು ಕೈಯಿಡು. ಕರಗದಿದ್ರೆ ಹೋಗೋಣ."

"ಡಾಕ್ಟರು ನೋಡೋವರೆಗೂ ನನ್ನ ಕೈ ನಿನ್ನ ಮೇಲೆ ಬೀಳಲ್ಲ."

"ಬೀದಿಯೋರಿಗೆಲ್ಲಾ ಇಡ್ತೀಯ, ಒಡಹುಟ್ಟಿದೋಳಿಗೆ ಇಡಲ್ವಾ? ಎಂಥ ಕಲ್ಲುಮನಸ್ಸೇ ನಿಂದು!"

"ಹೂಂ, ಕಲ್ಲೇ. ಬೈಕೋ. ಬೈಕೊಂಡೇ ಚಪ್ಪಲಿ ಹಾಕ್ಕೊ."

ತಂಗಿ ಚಪ್ಪಲಿ ಹಾಕಲಿಲ್ಲ. ಗಂಡನಿಗೆ ಹೇಳಿದರೆ ಮನೆ ಬಿಟ್ಟು ಹೋಗುವೆನೆಂದಳು. ಅಕ್ಕ ಹೊಸ್ತಿಲಲ್ಲಿ ಕೂತಳು. ಮಧ್ಯಾಹ್ನ ಕಳೆಯಿತು, ಬಿಸಿಲು ಗೋಡೆ ಇಳಿಯಿತು. ಇವಳು ಏಳಲಿಲ್ಲ. ಅತ್ತ ಮುಚ್ಚಿದ ಅಂಗಡಿಯ ಮುಂದೆ ಗ್ರಾಹಕರು ಬಂದು ಬೈದು ಹೋದರು. ಮರುದಿನ ಬೆಳಗ್ಗೆ ಅಕ್ಕ ಮತ್ತೆ ಅದೇ ಹೊಸ್ತಿಲಲ್ಲಿ ಹಾಜರು. ಮೂರನೆಯ ದಿನ ತಂಗಿಯ ಗಂಡನೇ ಕೇಳಿದ, "ಏನತ್ತಿಗೆ, ನಮ್ಮ ಬಾಗಿಲಿಗೆ ಕಾವಲು ಸೇರ್ಕೊಂಡ್ರಾ?"

ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ ಅಳುತ್ತಾ ತಾನೇ ಹೇಳಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೋಡಿದರು, ಚಿತ್ರ ತೆಗೆದರು. ಕ್ಯಾನ್ಸರು. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: ತಡವಾಗಿದೆ, ಆದರೆ ಕೈಮೀರಿಲ್ಲ, ಇನ್ನು ನಾಲ್ಕು ತಿಂಗಳು ಬಿಟ್ಟಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ತಂಗಿಯ ಹಲ್ಲು ಕಟಕಟ ಬಡಿದುಕೊಳ್ಳುತ್ತಿತ್ತು. ಅಕ್ಕ ನರ್ಸಿನ ಒಪ್ಪಿಗೆ ಕೇಳಿ, ಕೈ ತೊಳೆದು, ಮಂಚದ ಕಾಲ್ದೆಸೆಯಲ್ಲಿ ನಿಂತು, "ಮುಟ್ಲಾ?" ಎಂದಳು.

"ಈಗಲಾದ್ರೂ ಮುಟ್ಟೇ, ಕಲ್ಲುಮನಸ್ಸಿನವಳೇ!"

ಎರಡೂ ಪಾದಗಳ ಮೇಲೆ ಕೈಯಿಟ್ಟಳು. ಹತ್ತು ನಿಮಿಷಕ್ಕೆ ಹಲ್ಲಿನ ಸದ್ದು ನಿಂತಿತು. ಕರೆದೊಯ್ಯಲು ಬಂದಾಗ ತಂಗಿ ತೂಕಡಿಸುತ್ತಿದ್ದಳು. ಗಂಟು ತೆಗೆದದ್ದು ಡಾಕ್ಟರಮ್ಮ, ಆಮೇಲಿನ ಆರು ತಿಂಗಳು ಕಾಪಾಡಿದ್ದು ಔಷಧಿ. ಪ್ರತಿ ಸಲ ಔಷಧಿ ಏರಿಸುವಾಗ ವಾಂತಿಯ ಬಟ್ಟಲು ಹಿಡಿದು ಕೂತು, ಭುಜದ ಮೇಲೆ ಕೈಯಿಟ್ಟು, ಹೆದರಿಕೆಯನ್ನು ಹದಕ್ಕೆ ತಂದದ್ದು ಅಕ್ಕ. ಅವಳೆಂದೂ ಇದಕ್ಕಿಂತ ಹೆಚ್ಚಿನದನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ.

ಬೀದಿ ಮಾತ್ರ ಹೇಳಿತು. ಅಕ್ಕನ ಕೈ ತಂಗಿಯನ್ನು ಬದುಕಿಸಿತೆಂದು ಬಾಯಿಂದ ಬಾಯಿಗೆ ಹಬ್ಬಿತು. ತಂಗಿಗೆ ತಲೆಗೂದಲು ಮತ್ತೆ ಚಿಗುರಿದ ಮೇಲೆ ಅವಳ ಗಂಡ ಒಂದು ಸಂಜೆ ಅಂಗಡಿಗೆ ಬಂದ. ಕನ್ನಡಕದಂಗಡಿಯ ಮಹಡಿ ಖಾಲಿಯಿದೆ, ಅಲ್ಲಿ ರೇಕಿ ಕೇಂದ್ರ ಮಾಡಿಕೊಡುತ್ತೇನೆ. ಮಂಚ, ಪರದೆ, ಬೋರ್ಡು ಎಲ್ಲ ತನ್ನದೇ ಖರ್ಚು. ಅತ್ತಿಗೆ ಇನ್ನು ಇಸ್ತ್ರಿ ಮುಟ್ಟಬೇಕಿಲ್ಲ ಎಂದ. ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಕಪಟವಿರಲಿಲ್ಲ.

ಅಕ್ಕ ಅವನದೇ ಅಂಗಿಯ ತೋಳು ಮಡಿಸುತ್ತಾ ಕೇಳಿಸಿಕೊಂಡಳು.

"ಬೇಡ ಕಣ್ರೀ. ನಿಮ್ಮ ಮನಸ್ಸು ದೊಡ್ಡದು, ಆದ್ರೆ ಬೇಡ. ಬೋರ್ಡು ಏರಿದ ದಿನದಿಂದ ಜನ ಮಹಡಿ ಹತ್ತಿ ಬಂದು, ನಂಗೇನಾಗಿದೆ ಹೇಳು ಅಂತಾರೆ. ಸುಸ್ತಾದ ಒಂದು ದಿನ ನಾನು ಮತ್ತೆ, ಏನೂ ಇಲ್ಲ ಹೋಗು, ಅಂದುಬಿಡ್ತೀನಿ. ಅವರ ಅಂಗಿ ನನ್ನ ಮೇಜಿಗೆ ಬರಲ್ಲ ನೋಡಿ, ತಿರುವಿ ನೋಡೋಕೆ. ಇಲ್ಲಿ ನಾನು ಇಸ್ತ್ರಿಯವಳು. ಇಸ್ತ್ರಿಯವಳ ಮಾತನ್ನ ಯಾರೂ ಡಾಕ್ಟರ ಮಾತು ಅನ್ಕೊಳ್ಳಲ್ಲ. ನಂಗೆ ಅದೇ ಬೇಕು. ಮಹಡೀನ ಬೇರೆ ಯಾರಿಗಾದ್ರೂ ಕೊಡಿ."