ಶಾವಿಗೆ ಮಶೀನು ಮತ್ತು ಜಾರಿದ ಏಪ್ರಿಲ್

ನರಗುಂದದಲ್ಲಿ ನಮ್ಮ ಹಿಂದಿನ ಓಣಿಯ ಮದರಬಿ ಚಾಚಿ ಶಾವಿಗೆ ಹಾಕುತ್ತಾರೆ. ಸುಮ್ಮನೆ ಅಲ್ಲ! ಮಶೀನಿನಿಂದ ಇಳಿಯುವ ಎಳೆಗಳನ್ನು ಕೋಲಿನ ಮೇಲೆ ಹಿಡಿದು, ಒಂದೂ ತುಂಡಾಗದಂತೆ ಮಾಳಿಗೆಯ ಬಿಸಿಲಿಗೆ ಒಯ್ಯುವುದನ್ನು ನೋಡಬೇಕು, ಯಾರದೋ ಉದ್ದ ಕೂದಲು ಹರವಿದ ಹಾಗಿರುತ್ತದೆ. ಮದುವೆಯಾಗಿ ಮೆಣಸಗಿಯಿಂದ ಬಂದಾಗ ಕೈಯಲ್ಲೇ ಹೊಸೆಯುತ್ತಿದ್ದರಂತೆ; ಆಮೇಲೆ ಮಶೀನು ಬಂತು, ರಮ್ಜಾನ್ ಹಬ್ಬದ ಸುರಕುಂಬಾ ಪಾಯಸಕ್ಕೆ ಅರ್ಧ ಊರಿಗೆ ಇವರದೇ ಶಾವಿಗೆ.

ಈ ಜನವರಿಯಲ್ಲಿ ಒಂದು ದಿನ ಅವರ ಗಂಡ ಖಾದರ ಚಾಚಾ ಆ ಮಶೀನನ್ನೇ ಮಾರಲು ಹೊರಟರು. ಕೊಳ್ಳುವವನು ಗಜೇಂದ್ರಗಡದ ಉಮೇಶ, ಅಂದೇ ಸಂಜೆಗೆ ಟೆಂಪೊ ತರುವುದೆಂದು ಮಾತಾಗಿತ್ತು.

“ಏಪ್ರಿಲ್ ಅಂದ್ರ ನಮ್ಮ ಸೀಜನ್. ವರ್ಷಾ ವರ್ಷಾ ಅದ ಕಮ್ಮಿ ಆಗಾಕತೈತಿ. ಮಂದಿ ಪಾಕೀಟ ಶಾವಿಗಿ ತಿನ್ನಾಕತ್ತಾರ,” ಅಂದರು ಚಾಚಾ.

“ನನ್ನ ಕೈ ಇನ್ನೂ ಚಲೋ ಐತಿ. ನಿಮ್ಮ ಬಾಯಿಗಿಂತ ಚಲೋ ಐತಿ,” ಅಂದರು ಚಾಚಿ. ಆದರೆ ದನಿ ಸಣ್ಣದಾಗಿತ್ತು.

ನನ್ನದು ಬಿ.ಎ. ಅರ್ಥಶಾಸ್ತ್ರ, ವರ್ಷವರ್ಷದ ಅಂಕಿಗಳ ಏರಿಳಿತ ಓದುವ ಟೈಮ್ ಸೀರೀಸ್ ಪಾಠ ಅದೇ ವಾರ ಮುಗಿದಿತ್ತು, ಕೈ ಸುಮ್ಮನಿರುತ್ತದೆಯೇ? ಚಾಚಿಯ ಫೋನಿನಲ್ಲಿದ್ದ ವಾಟ್ಸ್ಆ್ಯಪ್ ಆರ್ಡರುಗಳಿಂದ ಮೂರು ವರ್ಷದ ಕಿಲೋಗಳನ್ನು ವಾರವಾರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಏಪ್ರಿಲಿಗೆ ಏಪ್ರಿಲ್ ಹೋಲಿಸಿ ಟೆಸ್ಟ್ ಮಾಡಿದೆ. ಇಳಿಕೆ ನಿಜ, ಆಕಸ್ಮಿಕವಲ್ಲ ಎಂದೇ ಬಂತು!

ಚಾಚಿ ಸೆರಗಿನಿಂದ ಮಶೀನು ಒರೆಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಗ್ರಾಫನ್ನಾದರೂ ನೋಡೋಣ ಎಂದು ಮೂರೂ ವರ್ಷದ ಗೆರೆಗಳನ್ನು ಒಂದರ ಮೇಲೊಂದು ಎಳೆದರೆ, ಅಯ್ಯೋ, ಮೂರು ಗುಡ್ಡ! ಎತ್ತರ ಹೆಚ್ಚುಕಡಿಮೆ ಒಂದೇ, ಆದರೆ ವರ್ಷ ಕಳೆದ ಹಾಗೆ ಗುಡ್ಡ ಎಡಕ್ಕೆ, ಮಾರ್ಚಿನತ್ತ ಜರುಗಿದೆ.

“ಚಾಚಿ, ಹೋದ ವರ್ಷ ಹಬ್ಬ ಯಾವಾಗಿತ್ರಿ?”

“ಮಾರ್ಚ್ ಕಡೀಕ. ಅದರ ಹಿಂದಿನ ವರ್ಷ ಏಪ್ರಿಲ್‌ನಾಗ...” ಚಾಚಿ ಗಂಡನ ಕಡೆ ತಿರುಗಿದರು. “ಏನ್ರಿ, ವರ್ಷಾ ರೋಜಾ ಹಿಡೀತೀರಿ, ಹಬ್ಬ ಜಾರೂದು ಮರ್ತೀರೇನು?”

“ನೀನರ ಎಲ್ಲಿ ನೆನಪಿಟ್ಟಿದ್ದಿ?”

ಮೂವರಿಗೂ ಗೊತ್ತಿದ್ದ ಸಂಗತಿ! ಹಬ್ಬ ಎಣಿಸುವ ಚಾಂದ್ರ ವರ್ಷ ಕ್ಯಾಲೆಂಡರ್ ವರ್ಷಕ್ಕಿಂತ ಹತ್ತು-ಹನ್ನೊಂದು ದಿನ ಚಿಕ್ಕದು, ಏಪ್ರಿಲಿನ ಶಾವಿಗೆ ಮಾರ್ಚಿಗೆ ಹೋಗಿ ಕೂತಿತ್ತು. ತಿಂಗಳು ಬಿಟ್ಟು, ಹಬ್ಬಕ್ಕೆ ಎಷ್ಟು ವಾರ ಉಳಿದಿತ್ತು ಎಂಬುದನ್ನು ಲೆಕ್ಕಕ್ಕೆ ತಂದು ಮತ್ತೆ ಟೆಸ್ಟ್ ಮಾಡಿದೆ. ಇಳಿಕೆಯ ಅಂದಾಜು ಸೊನ್ನೆಯ ಹತ್ತಿರ!

“ಅಂದ್ರ ಏರತೈತೇನು?” ಅಂದರು ಚಾಚಾ.

“ಅದನ್ನ ಹೇಳಾಕ ಬರೂದಿಲ್ರಿ. ಮೂರ ವರ್ಷದ ಲೆಕ್ಕ ಭಾಳ ಸಣ್ಣದು. ಬೀಳಾಕತೈತಿ ಅನ್ನಾಕ ಪುರಾವೆ ಇಲ್ಲ, ಅಷ್ಟ.”

“ಅಷ್ಟ ಸಾಕ ಶಾಂಭವಿ,” ಎಂದು ಚಾಚಿ ಆಗಲೇ ಹಿಟ್ಟಿಗೆ ನೀರು ಹಾಕಿದ್ದರು.

ಉಮೇಶ ಟೆಂಪೊ ನಿಲ್ಲಿಸಿದಾಗ ಮಶೀನು ಗರಗರ ಓಡುತ್ತಿತ್ತು.

“ಒಯ್ಯಾಕ ಬಂದ್ರ ಚಾಲೂ ಮಾಡ್ಕೊಂಡ ಕುಂತೀರಲ್ರಿ!”

“ಕೊಡೂದಿಲ್ಲಪ. ಈ ಸಲ ಹಬ್ಬ ಇನ್ನೂ ಲಗೂ ಬರತೈತಿ,” ಅಂದರು, ಯಾರು ಗೊತ್ತೇ, ಖಾದರ ಚಾಚಾ!

“ಮತ್ತ ಖಾಲಿ ಟೆಂಪೊ ಹೊಡಕೊಂಡ ಹೋಗ್ಲೇನು?”

“ಯಾಕ, ಎರಡ ಕಿಲೋ ಶಾವಿಗಿ ಹಾಕ್ಕೊಂಡ ಹೋಗು,” ಅಂದರು ಚಾಚಿ.

ನಾನು ಲ್ಯಾಪ್‌ಟಾಪ್ ಇನ್ನೂ ಮುಚ್ಚಿರಲಿಲ್ಲ. ಆ ವಾರದ ಲೆಕ್ಕಕ್ಕೆ ಎರಡು ಕಿಲೋ ಸೇರಿಸಿದೆ.