ಫಾರ್ಮ್ಯಾಟ್ ಮುರಳಿ ಮತ್ತು ಹರಾಜಿನವರ ದನಿ

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಎದುರು ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುವ ಮುರಳಿಮೋಹನನಿಗೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಊರು ಎಂದೋ ಮರೆತಿದೆ. ಎಲ್ಲರಿಗೂ ಅವನು ಫಾರ್ಮ್ಯಾಟ್ ಮುರಳಿ. ಕಂಪ್ಯೂಟರ್ ನಿಧಾನವಾಯಿತೇ, ಫಾರ್ಮ್ಯಾಟ್. ವೈರಸ್ ಬಂತೇ, ಫಾರ್ಮ್ಯಾಟ್. ಸದ್ದು ಬರುತ್ತಿಲ್ಲವೇ, ಅದಕ್ಕೂ ಫಾರ್ಮ್ಯಾಟ್. ಒಳಗಿರುವುದನ್ನು ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ, ಸಂಜೆಯೊಳಗೆ ಕೈಗಿಟ್ಟು ಕಳಿಸಿಬಿಡಬೇಕು. ಅದಕ್ಕೆ ಮುಂಚೆ ಒಂದೇ ಒಂದು ಪ್ರಶ್ನೆ: "ಬೇಕಾಗಿರೋದೆಲ್ಲ ಡಿ ಡ್ರೈವಲ್ಲಿದೆ ತಾನೆ?" ಡಿ ಡ್ರೈವ್ ಅಂದರೆ ಅದೇ ಡಿಸ್ಕಿನಲ್ಲಿ ಅಳಿಸದೆ ಬಿಡುವ ಭಾಗ. ಹೂಂ ಅಂದರೆ ಮುಗಿಯಿತು. ಹತ್ತರಲ್ಲಿ ಎಂಟು ಸಲ ಇದು ನಡೆದುಹೋಗುತ್ತಿತ್ತು, ಅವನನ್ನು ಕೆಡಿಸಿದ್ದೂ ಅದೇ. ಮನುಷ್ಯ ಕೆಟ್ಟವನಲ್ಲ. ಬಾಯಿ ಜೋರು, ಕೈ ಚುರುಕು, ತಾಳ್ಮೆ ಮಾತ್ರ ಚೂರೂ ಇಲ್ಲ.

ಕಳೆದ ಜನವರಿಯ ಒಂದು ಸೋಮವಾರ ಯಲ್ದೂರಿನ ಅಮರನಾಥ್ ಅವರು ಟವೆಲಿನಲ್ಲಿ ಸುತ್ತಿದ ಸಿಪಿಯು ಡಬ್ಬವನ್ನು ಎದೆಗವಚಿಕೊಂಡು ಅವನ ಅಂಗಡಿಗೆ ಬಂದರು. ಮೂವತ್ತು ವರ್ಷ ಮಾವಿನ ಮಂಡಿಯಲ್ಲಿ ಹರಾಜು ಕೂಗಿದವರು. ಸೀಸನ್ನಿನಲ್ಲಿ ಅವರು ಬಾದಾಮಿ, ತೋತಾಪುರಿ ಎಂದು ದನಿ ಎತ್ತಿದರೆ ನಾಲ್ಕು ಅಂಗಡಿ ಆಚೆಯ ಮುರಳಿ ಫೋನಿನಲ್ಲಿ ಮಾತಾಡುವುದನ್ನೇ ಬಿಡುತ್ತಿದ್ದ. ಅಂಥವರ ಗಂಟಲಿಗೇ ಕ್ಯಾನ್ಸರ್ ಬಂತು. ಎರಡು ವರ್ಷದ ಹಿಂದೆ ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಪ್ರಾಣ ಉಳಿಯಿತು, ಮಾತು ಹೋಯಿತು. ಈಗ ಕತ್ತಿನ ತೂತಿನ ಮೇಲೊಂದು ಬಿಳಿ ಬಟ್ಟೆ, ಜೇಬಿನಲ್ಲೊಂದು ಪುಟ್ಟ ಪುಸ್ತಕ. ಹೇಳಬೇಕಾದ್ದನ್ನು ಬರೆದು ತೋರಿಸುತ್ತಾರೆ.

'ತಾನಾಗೇ ಆಫ್ ಆಗಿ ಆನ್ ಆಗುತ್ತೆ' ಎಂದು ಬರೆದು ತೋರಿಸಿದರು.

"ಓ, ವಿಂಡೋಸ್ ಕೆಟ್ಟೋಗಿದೆ ಸಾರ್, ಹೊಸದು ಹಾಕಿದ್ರೆ ಸರಿಹೋಗುತ್ತೆ. ಬೇಕಾಗಿರೋದೆಲ್ಲ ಡಿ ಡ್ರೈವಲ್ಲಿದೆ ತಾನೆ?"

ಅಮರನಾಥ್ ತಡೆ ಎಂಬಂತೆ ಅಂಗೈ ಎತ್ತಿ ಮತ್ತೆ ಬರೆಯತೊಡಗಿದರು. ಅಕ್ಷರಗಳು ಒಂದೊಂದಾಗಿ ಇಳಿಯುತ್ತಿದ್ದವು. ಅವತ್ತು ಯಾವುದೋ ನೇಮಕಾತಿಗೆ ಆನ್‌ಲೈನ್ ಅರ್ಜಿ ಹಾಕಲು ಕೊನೆಯ ದಿನ, ಅದನ್ನೂ ಮುರಳಿಯೇ ತುಂಬಿಕೊಡುತ್ತಿದ್ದ. ಕೌಂಟರಿನ ಮುಂದೆ ಹತ್ತು ಜನ "ಅಣ್ಣಾ, ನಂದು, ನಂದು" ಎಂದು ಮೇಲೆ ಬೀಳುತ್ತಿದ್ದರು. "ಆಯ್ತು ಸಾರ್, ಗೊತ್ತಾಯ್ತು, ತಲೆ ಕೆಡಿಸ್ಕೋಬೇಡಿ" ಎಂದು ಮುರಳಿ ಡಬ್ಬವನ್ನು ಒಳಗೆಳೆದುಕೊಂಡ. ಅಮರನಾಥ್ ಬರೆದು ಮುಗಿಸಿ, ಹಾಳೆ ಹರಿದು ಚಾಚಿದರು. "ಅಲ್ಲಿಡಿ ಸಾರ್, ನೋಡ್ತೀನಿ." ಅವರು ಅದನ್ನು ಅರ್ಜಿಗಳ ಪಕ್ಕದಲ್ಲಿಟ್ಟು, ಹಾರದಿರಲೆಂದು ಸ್ಟೇಪ್ಲರ್ ಹೇರಿ, ನಂಬಿಕೊಂಡು ಹೋದರು. ಅಯ್ಯೋ, ಇವನ ಆತುರಕ್ಕಿಷ್ಟು ಬೆಂಕಿ ಬೀಳ! ಒಂದು ಹಾಳೆ ಓದಲು ಎಷ್ಟು ಹೊತ್ತು ಬೇಕಿತ್ತು?

ಮಂಗಳವಾರ ಬೆಳಿಗ್ಗೆ ಹಳೆ ವಿಂಡೋಸ್ ಇದ್ದ ಸಿ ಡ್ರೈವ್ ಅಳಿಸಿ ಹೊಸ ವಿಂಡೋಸ್ ಹಾಕಲು ಕೂತ. ಫೈಲುಗಳು ಮೂವತ್ತನಾಲ್ಕು ಪರ್ಸೆಂಟ್ ಇಳಿದಿದ್ದವು, ಟಕ್ಕೆಂದು ಪರದೆ ಕಪ್ಪಾಗಿ ಕಂಪ್ಯೂಟರ್ ಮೊದಲಿಂದ ಶುರುವಾಯಿತು. ಮತ್ತೆ ಹಾಕಿದ. ಈ ಸಲ ಅರವತ್ತೆರಡಕ್ಕೆ ಟಕ್. ಮೂರನೇ ಸಲ ಹನ್ನೊಂದಕ್ಕೇ. ಪೆನ್‌ಡ್ರೈವ್ ಸರಿಯಿಲ್ಲವೇನೋ ಎಂದು ಬೇರೆಯದು ಚುಚ್ಚಿದ. ಅದೇ ಹಣೆಬರಹ. "ಏನ್ಲಾ ನಿನ್ ರೋಗ?" ಎಂದು ಡಬ್ಬವನ್ನೇ ಬೈದ. ಡಿಸ್ಕಿನ ಭಾಗಗಳೇ ಕೆಟ್ಟಿರಬೇಕೆಂದುಕೊಂಡು, ಸಿಟ್ಟಿನಲ್ಲಿ ಸಿ, ಡಿ ಎರಡನ್ನೂ ಕಿತ್ತುಹಾಕಿ ಪೂರ್ತಿ ಹೊಸದಾಗಿ ಮಾಡಿದ. ಆಗಲೂ ಮತ್ತೆ ಟಕ್.

ಮೊದಲು ಮಾಡಬೇಕಾದ್ದನ್ನು ಕಡೆಗೆ ಮಾಡಿದ. ಸ್ಕ್ರೂ ಬಿಚ್ಚಿ ಡಬ್ಬದ ಪಕ್ಕ ತೆಗೆದ. ಒಳಗಿನಿಂದ ದೇವರ ಕೋಣೆಯ ವಾಸನೆ ಬಂತು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಸಾಂಬ್ರಾಣಿ ಮಸಿ ಜಿಡ್ಡಾಗಿ ಅಂಟಿಕೊಂಡಿತ್ತು. ಮೇಲಿನ ಜಾಲರಿಯಿಂದ ಉದುರಿದ ಕುಂಕುಮ, ಅರಿಶಿನ, ಒಣಗಿದ ಸೇವಂತಿಗೆ ಎಸಳು ಅದರ ಕೆಳಗೆ ಗಟ್ಟಿಯಾಗಿ ಕೂತಿದ್ದವು. ಫ್ಯಾನು ತಿರುಗದೆ, ಬಿಸಿ ಏರಿ, ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಆರಿಹೋಗುತ್ತಿತ್ತು. ಬ್ರಷ್ಷು ಹಿಡಿದು ಉಜ್ಜಿ, ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿ, ಫ್ಯಾನು ಬದಲಾಯಿಸಿದ. ವಿಂಡೋಸ್ ಒಂದೇ ಏಟಿಗೆ ಇಳಿಯಿತು. ಅದು ಮೊದಲಿಗೂ ಕೆಟ್ಟಿರಲಿಲ್ಲ. ಯಾವುದನ್ನೂ ಅಳಿಸಬೇಕಾಗಿರಲೇ ಇಲ್ಲ.

ಗೆದ್ದ ಖುಷಿಯಲ್ಲಿ ಮೇಜು ಒಪ್ಪ ಮಾಡುವಾಗ ಸ್ಟೇಪ್ಲರಿನ ಕೆಳಗೆ ಆ ಹಾಳೆ ಸಿಕ್ಕಿತು. 'ಆನ್ ಮಾಡಿದರೆ ಪರದೆ ಮೇಲೆ ಮುಂದೇ ಅಪ್ಪ ಅಂತ ಫೋಲ್ಡರ್ ಇದೆ. ಅದು ನನ್ನ ದನಿ. ಅದೊಂದು ಉಳಿಸಿ. ಮಿಕ್ಕಿದ್ದು ಹೋದರೂ ಚಿಂತೆಯಿಲ್ಲ.'

ಮುರಳಿ ಹಾಳೆಯನ್ನು ಎರಡು ಸಲ ಓದಿದ. ಎರಡು ದಿನ ಅಂಗಡಿಗೆ ಬಂದವರನ್ನೆಲ್ಲ ವಾಪಸ್ ಕಳಿಸಿ, ಅಳಿಸಿದ್ದನ್ನು ಹುಡುಕಿಕೊಡುವ ಎಲ್ಲ ತಂತ್ರಾಂಶಗಳನ್ನೂ ಓಡಿಸಿದ. ಆರು ಸಲ ವಿಂಡೋಸ್ ಬರೆದ ಜಾಗದಲ್ಲಿ ಇನ್ನೇನು ಉಳಿದೀತು? ಹನ್ನೊಂದು ಫೈಲುಗಳ ಚೂರು ಸಿಕ್ಕವು. ಹತ್ತು ತೆರೆಯಲೇ ಇಲ್ಲ. ಒಂದು ಮಾತ್ರ ನಾಲ್ಕು ಸೆಕೆಂಡು ಓಡಿತು.

ಶುಕ್ರವಾರ ಮಧ್ಯಾಹ್ನ ಅಮರನಾಥ್ ಹೆಂಡತಿ ಶ್ಯಾಮಲಮ್ಮನನ್ನೂ ಕರೆದುಕೊಂಡು ಬಂದರು. ಮುರಳಿ ನೇರವಾಗಿ ಹೇಳಲಾರದೆ ಸುತ್ತು ಬಳಸಿ ಶುರುಮಾಡಿದ. "ಒಳಗೆಲ್ಲ ಕುಂಕುಮ, ಸಾಂಬ್ರಾಣಿ ಮಸಿ ಅಮ್ಮ. ಅದಕ್ಕೇ ಬಿಸಿಯಾಗಿ ಆಫ್ ಆಗ್ತಿತ್ತು."

"ಪೂಜೆ ಮಾಡ್ದೆ ಇರಕ್ಕಾಗುತ್ತಾ ನಾಯನಾ?" ಎಂದರು ಶ್ಯಾಮಲಮ್ಮ. "ಆಯುಧಪೂಜೆಗೆ ಮಂಡೀಲಿ ಎಲ್ರೂ ತಕ್ಕಡಿಗೆ ಮಾಡ್ತಾರೆ. ನಮ್ಮನೆ ಆಯುಧ ಇವ್ರ ಗಂಟ್ಲು. ಅದರ ಅನ್ನ ತಿಂದೋರು ನಾವು. ಆಪರೇಶನ್‌ಗೆ ಮುಂಚೆ ನಮ್ಮ ಮಗ್ಳು ಪದ್ಮಶ್ರೀ ಒಂದು ವಾರ ಕೂತು ಇವ್ರ ಮಾತು ರೆಕಾರ್ಡ್ ಮಾಡಿ ಇದ್ರಲ್ಲಿ ಇಟ್ಟು ಮಾಲೂರಿಗೆ ಹೋದ್ಲು, ಗಂಡನ ಮನೆಗೆ. ಅವ್ಳ ಫೋನಲ್ಲಿದ್ದಿದ್ದು ಆಮೇಲೆ ಹೋಯ್ತು. ಇದ್ರಲ್ಲೇ ಇರೋದು. ವರ್ಷಕ್ಕೊಂದ್ಸಲ ಯಾಕೆ ಅಂತ ಪ್ರತಿ ಶುಕ್ರವಾರ ಮಾಡ್ತೀನಿ. ಹಾಕಪ್ಪ, ಕೇಳೋಣ."

ಮುರಳಿ ಸಿಕ್ಕಿದ್ದನ್ನು ಹಾಕಿದ. ಕುರ್ಚಿ ಎಳೆದ ಸದ್ದು. ಆಮೇಲೆ ಒಬ್ಬ ಗಂಡಸು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡದ್ದು. ಅಷ್ಟೇ.

ಶ್ಯಾಮಲಮ್ಮ ಕಾದರು. "ಮಿಕ್ಕಿದ್ದು?"

"ಹೋಯ್ತಮ್ಮ."

"ಹೋಯ್ತಾ?" ಅವರ ಮುಖ ಬಿಳಿಚಿಕೊಂಡಿತು. "ನನ್ನ ಸಾಂಬ್ರಾಣಿಯಿಂದ್ಲಾ? ನಾನೇ ಕಳ್ದುಬಿಟ್ನಾ? ಅಯ್ಯೋ ದೇವ್ರೇ, ನನ್ ಕೈಯಾರೆ..." ಎಂದು ಹಣೆ ಹಣೆ ಬಡಿದುಕೊಳ್ಳತೊಡಗಿದರು.

ಸುಮ್ಮನಿದ್ದರೆ ಸಾಕಿತ್ತು, ತಪ್ಪು ಸಾಂಬ್ರಾಣಿಯ ಮೇಲೆ ಹೋಗುತ್ತಿತ್ತು. ಮುರಳಿ ಸುಮ್ಮನಿದ್ದ. ಅಮರನಾಥ್ ಹೆಂಡತಿಯ ಕೈ ಹಿಡಿದು ತಡೆದರು. ತಲೆ ಅಲ್ಲಾಡಿಸಿದರು. ಮುರಳಿಯ ಮುಖಕ್ಕೆ ಬೆರಳು ತೋರಿಸಿ, ಆ ಬೆರಳನ್ನು ತಮ್ಮ ತುಟಿಯಿಂದ ಹೆಂಡತಿಯ ಕಡೆಗೆ ಒಯ್ದರು. ಹೇಳು, ನೀನೇ ಹೇಳು.

"ನಿಮ್ಮಿಂದಲ್ಲ ಅಮ್ಮ" ಎಂದ ಮುರಳಿ. "ಮಸಿ ಒರೆಸಿದ್ರೆ ಹೋಗ್ತಿತ್ತು. ಎಲ್ಲ ಇತ್ತು ಒಳಗೆ. ಸಾರ್ ಬರೆದುಕೊಟ್ಟಿದ್ರು. ನಾನು ಓದ್ದೆ ಅಳಿಸಿಬಿಟ್ಟೆ. ನಾನೇ ಅಳಿಸಿದ್ದು."

ಶ್ಯಾಮಲಮ್ಮ ಬೈಯುತ್ತಾರೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ತಮ್ಮ ಫೋನನ್ನು ಕೌಂಟರಿನ ಮೇಲಿಟ್ಟರು.

"ಆ ಕೆಮ್ಮಿದ್ದಾದ್ರೂ ಇದಕ್ಕೆ ಹಾಕ್ಕೊಡಪ್ಪ."

ಹಾಕಿಕೊಟ್ಟ. ಕಂಪ್ಯೂಟರನ್ನು ಅವರು ತೆಗೆದುಕೊಂಡು ಹೋಗಲಿಲ್ಲ. ಯಲ್ದೂರಿನ ಬಸ್ಸು ಬರುವ ತನಕ ಇಬ್ಬರೂ ಎದುರಿನ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಹಾರನ್ನು, ಕಂಡಕ್ಟರುಗಳ ಕೂಗು. ಶ್ಯಾಮಲಮ್ಮ ಫೋನನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಆ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲವೆಂದು ಕಾಣುತ್ತದೆ, ಮತ್ತೆ ಮತ್ತೆ ಮೊದಲಿಂದ ಹಾಕಿ ಕಿವಿಗೆ ಒತ್ತುತ್ತಿದ್ದರು. ಅಮರನಾಥ್ ಪಕ್ಕದಲ್ಲಿ ನಿಂತು ಬಸ್ಸು ಬರುವ ದಾರಿ ನೋಡುತ್ತಿದ್ದರು.